ಮುಹೂರ್ತದ ಹೊತ್ತಿಗೆ ಮನಸ್ಸೂ ಹಸೆಮಣೆಯ ಮೇಲಿರಲಿ

ಮದುವೆಯ ದಿನ ಮನಸ್ಸನ್ನು ನೆಲೆಯಲ್ಲಿ ಇಟ್ಟುಕೊಳ್ಳುವುದರಲ್ಲಿ ಎರಡು ಕೆಲಸಗಳಿವೆ. ಮೈಮನಸ್ಸಿನ ಉದ್ವೇಗ ಕೈಮೀರದಂತೆ ನೋಡಿಕೊಳ್ಳುವುದು ಒಂದು. ಕಣ್ಣೆದುರು ನಡೆಯುತ್ತಿರುವ ಶಾಸ್ತ್ರದಲ್ಲಿ ಗಮನವಿಟ್ಟು ಕೂರುವುದು ಇನ್ನೊಂದು. ಮೊದಲನೆಯದು ಸಾಧಿಸಿದವರಿಗೆಲ್ಲ ಎರಡನೆಯದು ಸಿಗುವುದಿಲ್ಲ. ಎದೆಯಲ್ಲಿ ಯಾವ ಢವಢವವೂ ಇಲ್ಲದೆ, ಆದರೆ ಊಟದ ಹಾಲ್‌ನಲ್ಲಿ ಎಷ್ಟನೇ ಪಂಕ್ತಿ ನಡೆಯುತ್ತಿದೆ ಎಂದು ಲೆಕ್ಕ ಹಾಕುತ್ತಲೇ ತಾಳಿ ಕಟ್ಟುವ ಗಂಡುಗಳಿದ್ದಾರೆ. ತಿಂಗಳಾದ ಮೇಲೆ ಆಲ್ಬಂ ಕೈಗೆ ಬಂದಾಗ, 'ಇದು ಯಾವಾಗ ನಡೀತು?' ಎಂದು ಕೇಳುವ ಮದುಮಕ್ಕಳಿಗಂತೂ ಲೆಕ್ಕವಿಲ್ಲ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ಕುಂದಾಣ ಹೋಬಳಿಯಲ್ಲಿ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ. ಹಿಂದಿನ ತಲೆಮಾರಿನವರಿಗೆ ಮದುವೆಯೆಂದರೆ ಮನೆ ಮುಂದಿನ ಚಪ್ಪರ, ಊರೊಟ್ಟಿನ ಅಡುಗೆ, ಹೆಂಗಸರ ಸೋಬಾನೆ. ಈಗ ಹೆಚ್ಚಿನ ಮದುವೆಗಳು ದೇವನಹಳ್ಳಿ, ವಿಜಯಪುರ, ದೊಡ್ಡಬಳ್ಳಾಪುರದ ಛತ್ರಗಳಿಗೆ ಹೋಗಿವೆ. 2008ರಲ್ಲಿ ಪಕ್ಕದಲ್ಲೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸೀಮೆಯ ಬದುಕಿನ ಓಟವೇ ಬದಲಾಯಿತು. ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುವ ಮನೆಗಳ ಮಕ್ಕಳು ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುತ್ತಾರೆ. ಹೀಗಾಗಿ ಲಗ್ನಪತ್ರಿಕೆ ಊರಿನವರು, ನೆಂಟರು, ಬೀಗರ ಕಡೆಯವರ ಜೊತೆಗೆ ಆಫೀಸಿನವರಿಗೂ ಹೋಗುತ್ತದೆ. ಕರೆಯುವ ಮಂದಿ ಹೆಚ್ಚಿದಷ್ಟೂ ನಿಭಾಯಿಸುವ ಕೆಲಸ ಹೆಚ್ಚುತ್ತದೆ. ಆ ಕೆಲಸದ ಎಳೆಗಳೆಲ್ಲ ಫೋನಿನ ಮೂಲಕ ಮದುಮಕ್ಕಳ ಕೈಗೇ ಬಂದು ಸೇರುತ್ತಿರುವುದು ಇಂದಿನ ತಳಮಳಕ್ಕೆ ದೊಡ್ಡ ಕಾರಣ.

ಮೈಯಲ್ಲಿ ನಡೆಯುವುದೇನು?

ಮಹತ್ವದ ಘಳಿಗೆ ಹತ್ತಿರವಾದಾಗ ಮಿದುಳು ಮೈಯನ್ನು ಎಚ್ಚರಿಸುತ್ತದೆ. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಬಿಡುಗಡೆ ಮಾಡುತ್ತವೆ. ಸ್ವಲ್ಪ ಹೊತ್ತಿಗೆ ಕಾರ್ಟಿಸಾಲ್ ಕೂಡ ಏರುತ್ತದೆ. ಎದೆ ಜೋರಾಗಿ ಬಡಿಯುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ. ಹೆದರಿಕೆಗೂ ಹಿಗ್ಗಿಗೂ ಮೈ ಕೊಡುವ ಉತ್ತರ ಬಹುಪಾಲು ಇದೇ. ಆದ್ದರಿಂದ ಮದುವೆಯ ಬೆಳಿಗ್ಗೆ ಕೈ ನಡುಗಿದರೆ ಅದನ್ನು ಅಪಶಕುನವೆಂದೋ ಅಂಜುಬುರುಕುತನವೆಂದೋ ತಿಳಿಯಬೇಕಾಗಿಲ್ಲ.

ಈ ಉದ್ವೇಗವನ್ನು ಪೂರ್ತಿ ಅಳಿಸಲು ಹೊರಡುವುದು ಹಲವು ಸಲ ತಿರುಗುಬಾಣವಾಗುತ್ತದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ಎಲ್ಲರೆದುರು ಹಾಡುವ, ಭಾಷಣ ಮಾಡುವ, ಲೆಕ್ಕ ಬಿಡಿಸುವ ಕೆಲಸ ಕೊಡಲಾಗಿತ್ತು. 'ಸಮಾಧಾನ ಮಾಡಿಕೋ' ಎಂದು ತಮಗೆ ತಾವೇ ಹೇಳಿಕೊಂಡವರಿಗಿಂತ 'ನನಗೆ ಹುಮ್ಮಸ್ಸು ಬಂದಿದೆ' ಎಂದುಕೊಂಡವರು ಆ ಕೆಲಸಗಳನ್ನು ಚೆನ್ನಾಗಿ ಮಾಡಿದರು. ಬಡಿಯುವ ಎದೆಯನ್ನು ತಟ್ಟನೆ ನಿಲ್ಲಿಸುವುದಕ್ಕಿಂತ ಅದಕ್ಕೆ ಸಂಭ್ರಮವೆಂದು ಹೆಸರಿಡುವುದು ಸುಲಭ. ಮದುವೆಮನೆಯ ಅಜ್ಜಿಯರು 'ಮದುವೆ ಹೆಣ್ಣಿಗೆ ಎದೆ ಹೊಡ್ಕೊಳ್ದೆ ಇನ್ಯಾರಿಗೆ ಹೊಡ್ಕೊಳ್ತದೆ' ಎಂದು ನಕ್ಕು ಬಿಡುವುದರಲ್ಲೂ ಇದೇ ತಿಳಿವಳಿಕೆಯಿದೆ.

ಉದ್ವೇಗ ಮಿತಿಮೀರಿದಾಗ ಗಮನದ ಹರವು ಕಿರಿದಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಜೆ. ಎ. ಈಸ್ಟರ್‌ಬ್ರೂಕ್ 1959ರಲ್ಲಿ ವಿವರಿಸಿದ. ಅಂಥ ಹೊತ್ತಿನಲ್ಲಿ ಮನಸ್ಸು ಒಂದೆರಡು ಸಂಗತಿಗಳನ್ನು ಗಟ್ಟಿಯಾಗಿ ಹಿಡಿದು ಉಳಿದುದನ್ನು ಕೈಬಿಡುತ್ತದೆ. ಜಡೆಗೆ ಚುಚ್ಚಿದ ಪಿನ್ನು ಸಡಿಲವಾಗಿದೆ ಎಂಬುದೇ ತಲೆಯಲ್ಲಿ ಕೂತ ಹೆಣ್ಣಿಗೆ ಅಪ್ಪ ಧಾರೆ ಎರೆದದ್ದು ಮಸುಕಾಗಿ ಉಳಿಯುವುದು ಇದರಿಂದ. ಗಮನಕ್ಕೆ ಬರದೇ ಹೋದದ್ದು ನೆನಪಿಗೂ ಸೇರುವುದಿಲ್ಲ. ಹೀಗಾಗಿ ಮದುವೆಯ ದಿನದ ಸಿದ್ಧತೆಯೆಂದರೆ ಬಹುಮಟ್ಟಿಗೆ ಗಮನವನ್ನು ಕಸಿಯುವ ಸಂಗತಿಗಳನ್ನು ಮೊದಲೇ ದೂರವಿಡುವ ಸಿದ್ಧತೆ.

ಆಯಾಸ ಎಲ್ಲಿಂದ ಬರುತ್ತದೆ?

ಬೆಂಗಳೂರು ಸುತ್ತಲಿನ ಮದುವೆಗಳಲ್ಲಿ ಆರತಕ್ಷತೆ ಹಿಂದಿನ ಸಂಜೆ ನಡೆದು ಮುಹೂರ್ತ ಮರುದಿನ ಬೆಳಿಗ್ಗೆ ಇರುತ್ತದೆ. ಈ ಕ್ರಮದಿಂದ ಕೆಲಸಕ್ಕೆ ಹೋಗುವ ನೆಂಟರಿಗೆ ಅನುಕೂಲ, ಮದುಮಕ್ಕಳಿಗೆ ಮಾತ್ರ ಭಾರ. ಸಂಜೆ ಆರೂವರೆಗೆಂದು ಅಚ್ಚಾದ ಆರತಕ್ಷತೆ ಏಳೂವರೆಗೆ ಶುರುವಾಗಿ, ಸಾಲು ಕರಗುವ ಹೊತ್ತಿಗೆ ರಾತ್ರಿ ಹತ್ತು ದಾಟಿರುತ್ತದೆ. ಊಟ ಮುಗಿಸಿ, ಮೇಕಪ್ ತೆಗೆದು, ಜಡೆ ಬಿಚ್ಚಿ ಮಲಗುವಷ್ಟರಲ್ಲಿ ಹನ್ನೆರಡು. ಬೆಳಗಿನ ಜಾವ ನಾಲ್ಕಕ್ಕೆ ಎಣ್ಣೆ-ಅರಿಶಿಣದ ನೀರಿಗೆ ಎಬ್ಬಿಸುತ್ತಾರೆ. ದಿನವಿಡೀ ಮೈಮೇಲೆ ಒಡವೆ, ರೇಷ್ಮೆ, ಹಾರದ ಭಾರ ಹೊರಬೇಕಾದವರು ನಾಲ್ಕು ಗಂಟೆಯಷ್ಟೂ ನಿದ್ದೆ ಮಾಡಿರುವುದಿಲ್ಲ.

ಇದಕ್ಕೆ ಪರಿಹಾರ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮುಂಚೆಯೇ ಶುರುವಾಗಬೇಕು. ಎರಡೂ ಮನೆಯವರು ಒಪ್ಪಿದರೆ ಆರತಕ್ಷತೆಯನ್ನು ಮುಹೂರ್ತದ ದಿನದ ಸಂಜೆಗೋ ಇನ್ನೊಂದು ದಿನಕ್ಕೋ ಇಟ್ಟುಕೊಳ್ಳಬಹುದು. ಅದು ಆಗದಿದ್ದರೆ ವೇದಿಕೆಗೆ ಮುಗಿಯುವ ಹೊತ್ತು ಗೊತ್ತುಮಾಡಬೇಕು. ಒಂಬತ್ತೂವರೆಗೆ ಇಬ್ಬರೂ ಕೆಳಗಿಳಿದು ಊಟಕ್ಕೆ ಕೂರುತ್ತಾರೆ, ಆಮೇಲೆ ಬಂದವರು ಊಟದ ಹಾಲ್‌ನಲ್ಲೇ ಹರಸುತ್ತಾರೆ ಎಂದು ಮನೆಯವರಿಗೆ ಮೊದಲೇ ತಿಳಿಸಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ವೇದಿಕೆಯ ಹಿಂದೆ ಇಬ್ಬರಿಗೂ ಎರಡು ಕುರ್ಚಿ ಹಾಕಿಸಿ, ಪ್ರತಿ ಮುಕ್ಕಾಲು ಗಂಟೆಗೊಮ್ಮೆ ಐದು ನಿಮಿಷ ಕೂರಿಸುವುದೂ ಒಳ್ಳೆಯದು.

ಮುಹೂರ್ತದ ಹೊತ್ತಿನ ಬಗ್ಗೆಯೂ ತಪ್ಪು ಲೆಕ್ಕಗಳಿವೆ. 'ಬೆಳಿಗ್ಗೆ 9-30ರಿಂದ 10-30ರವರೆಗೆ ಸಲ್ಲುವ ಶುಭ ಕಟಕ ಲಗ್ನದಲ್ಲಿ' ಎಂದು ಅಚ್ಚಾದರೆ ಎಲ್ಲ ಶಾಸ್ತ್ರವೂ ಆ ಒಂದು ಗಂಟೆಯಲ್ಲೇ ಆಗಬೇಕೆಂದು ಗಾಬರಿಯಾಗುವವರಿದ್ದಾರೆ. ಒಂದು ಲಗ್ನವಿರುವುದು ಸುಮಾರು ಎರಡು ಗಂಟೆ. ಅದರೊಳಗೆ ಪುರೋಹಿತರು ಧಾರೆ-ಮಾಂಗಲ್ಯಧಾರಣೆಗೆ ಒಪ್ಪುವ ಹೊತ್ತನ್ನು ಆರಿಸಿ ಬರೆಯಿಸಿರುತ್ತಾರೆ. ವರಪೂಜೆ ಅದಕ್ಕೆ ಮುಂಚೆ, ಸಪ್ತಪದಿ ಅದರ ಆಮೇಲೆ ಆರಾಮವಾಗಿ ನಡೆಯಬಹುದು. ಯಾವ ಶಾಸ್ತ್ರಕ್ಕೆ ಗಡಿಯಾರ ನೋಡಬೇಕು, ಯಾವುದಕ್ಕೆ ಬೇಡ ಎಂದು ಪುರೋಹಿತರನ್ನು ವಾರದ ಮುಂಚೆ ಕೇಳಿ ಬರೆದಿಟ್ಟುಕೊಂಡರೆ ಆ ದಿನದ ಅರ್ಧ ಧಾವಂತ ಅಲ್ಲಿಗೇ ಮುಗಿಯುತ್ತದೆ.

ಮದುವೆ ಯಾವುದು, ಸಡಗರ ಯಾವುದು?

1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ಗಂಡು ಅಥವಾ ಹೆಣ್ಣಿನ ಕಡೆಯ ರೂಢಿಯ ಶಾಸ್ತ್ರಗಳಂತೆ ನಡೆದದ್ದು ಮದುವೆ. ಆ ಶಾಸ್ತ್ರಗಳಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗುತ್ತದೆ. ಹೂವಿನ ಕಮಾನು, ಎಲ್‌ಇಡಿ ಪರದೆ, ಮೂರು ಬಗೆಯ ಸಿಹಿ ಯಾವುದೂ ಕಾಯ್ದೆಗೆ ಗೊತ್ತಿಲ್ಲ. ಈ ತಿಳಿವಳಿಕೆ ಮದುಮಕ್ಕಳಿಗೆ ಬಹಳ ನೆರವಾಗುತ್ತದೆ. ಎರಡು ದಿನಗಳ ಗಡಿಬಿಡಿಯಲ್ಲಿ ಮದುವೆಯೆನ್ನುವುದು ಒಂದೆರಡು ಗಂಟೆಯ ವಿಷಯ. ಆ ಹೊತ್ತು ಸರಿಯಾಗಿ ನಡೆದರೆ ಉಳಿದ ಏರುಪೇರುಗಳನ್ನು ಕ್ಷಮಿಸಬಹುದು.

ಕನ್ನಡ ನಾಡಿನಲ್ಲಿ ಈ ತಿರುಳಷ್ಟನ್ನೇ ಉಳಿಸಿಕೊಂಡ ಮದುವೆಗಳಿಗೆ ಒಳ್ಳೆಯ ಪರಂಪರೆಯಿದೆ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ರೀತಿಯಲ್ಲಿ 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ನಡೆಯಿತು. ಆಡಂಬರ, ವರದಕ್ಷಿಣೆಗಳಿಗೆ ಅಲ್ಲಿ ಎಡೆಯಿಲ್ಲ. ವಧೂವರರು ತಾವು ಒಪ್ಪುವ ಮಾತುಗಳನ್ನು ಅರ್ಥ ತಿಳಿದು ಹೇಳುತ್ತಾರೆ. ಧರ್ಮಸ್ಥಳದಲ್ಲಿ 1972ರಲ್ಲಿ ಶುರುವಾದ ಉಚಿತ ಸಾಮೂಹಿಕ ವಿವಾಹಗಳಲ್ಲಿ ಏರ್ಪಾಡೆಲ್ಲ ಕ್ಷೇತ್ರದ್ದೇ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಂಥ ದೇವಸ್ಥಾನಗಳಲ್ಲಿ ಹತ್ತಿರದವರಷ್ಟೇ ಸೇರಿ ಮದುವೆ ಮಾಡಿಕೊಳ್ಳುವವರಿದ್ದಾರೆ. ಇವೆಲ್ಲವೂ ಖರ್ಚಿನ ಜೊತೆಗೆ ಮದುಮಕ್ಕಳ ತಲೆಭಾರವನ್ನೂ ಇಳಿಸುವ ದಾರಿಗಳು. ದೊಡ್ಡ ಮದುವೆಯೇ ಆಗಬೇಕೆಂಬ ಮನೆಗಳಲ್ಲಿ ಕೂಡ, 'ಇಷ್ಟು ಹೊತ್ತು ನಮಗೆ, ಉಳಿದದ್ದು ನೆಂಟರಿಗೆ' ಎಂದು ಗಂಡುಹೆಣ್ಣು ಮೊದಲೇ ಮಾತಾಡಿಕೊಳ್ಳಬಹುದು.

ಉಗ್ರಾಣದ ಬೀಗದ ಕೈ

ಹಳ್ಳಿಯ ಮದುವೆಯಲ್ಲಿ ಉಗ್ರಾಣದ ಬೀಗದ ಕೈ ಯಾರ ಬಳಿ ಇದೆ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ಸೋದರಮಾವನೋ ಚಿಕ್ಕಪ್ಪನೋ ಅದನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ತೆಂಗಿನಕಾಯಿ ಸಾಲದೆ ಬಂದರೆ, ಸಕ್ಕರೆ ಮುಗಿದರೆ, ಕೊನೆಯ ಪಂಕ್ತಿಗೆ ಬಾಳೆಎಲೆ ಕಡಿಮೆ ಬಿದ್ದರೆ ಕೇಳಬೇಕಾದ್ದು ಅವರನ್ನು. ಹೆಣ್ಣಿನ ಅಪ್ಪನಿಗೂ ಆ ಗೊಡವೆ ಇರುತ್ತಿರಲಿಲ್ಲ. ಮುಯ್ಯಿ ಬರೆಯುವ ಪುಸ್ತಕದ ಮುಂದೆ ಲೆಕ್ಕ ಬಲ್ಲ ಇನ್ನೊಬ್ಬರು. ಪಂಕ್ತಿಯಲ್ಲಿ ಉಪಚಾರ ಹೇಳಲು ಮತ್ತೊಬ್ಬರು. ಹೆಣ್ಣಿನ ಮಗ್ಗುಲಲ್ಲಿ ಕಳಸ ಹಿಡಿದ ಕಳಸಗಿತ್ತಿ. ಹೀಗೆ ಹಂಚಿಹೋದ ಕೆಲಸಗಳ ನಡುವೆ ಮದುಮಕ್ಕಳ ಕೈ ಬರಿದಾಗಿರುತ್ತಿತ್ತು.

ಛತ್ರದ ಮದುವೆಯಲ್ಲಿ ಕೆಲಸಗಳು ಬೇರೆಯವರ ಪಾಲಿಗೆ ಹೋದರೂ ಪ್ರಶ್ನೆಗಳು ಮಾತ್ರ ಮದುಮಕ್ಕಳ ಫೋನಿಗೇ ಬರುತ್ತವೆ. ಡೆಕೊರೇಷನ್‌ನವರಿಗೆ ಮುಂಗಡ ಕೊಟ್ಟದ್ದು ಮದುವೆ ಗಂಡು, ಆದ್ದರಿಂದ ಬಾಕಿ ಕೇಳುವುದೂ ಅವನನ್ನೇ. ಮೇಕಪ್‌ನವರಿಗೆ ದಾರಿ ಹೇಳಬೇಕಾದವಳು ಮದುವೆ ಹೆಣ್ಣು. ಬಳ್ಳಾರಿ ರಸ್ತೆಯ ದಟ್ಟಣೆಯಲ್ಲಿ ಸಿಕ್ಕಿಕೊಂಡ ಗೆಳೆಯರು ಲೊಕೇಷನ್ ಕೇಳುವುದೂ ಇವರನ್ನೇ. ಒಂದೊಂದು ಪ್ರಶ್ನೆಯೂ ಚಿಕ್ಕದು. ಆದರೆ ಉತ್ತರ ಕೊಟ್ಟು ಮತ್ತೆ ಶಾಸ್ತ್ರಕ್ಕೆ ಮನಸ್ಸು ತರಲು ಪ್ರತಿ ಸಲವೂ ಹೊತ್ತು ಹಿಡಿಯುತ್ತದೆ.

ಇದಕ್ಕೆ ಮದುವೆಗೆ ಹತ್ತು ದಿನ ಮುಂಚೆ ಒಂದು ಹಾಳೆ ಸಿದ್ಧವಾಗಬೇಕು. ಅಡುಗೆಯವರು, ಓಲಗದವರು, ಪುರೋಹಿತರು, ಹೂವಿನವರು, ಫೋಟೊದವರು, ಬಸ್ಸಿನವರು, ಛತ್ರದ ಮ್ಯಾನೇಜರು ಇವರೆಲ್ಲರ ಹೆಸರು, ಫೋನ್ ನಂಬರು, ಬರಬೇಕಾದ ಹೊತ್ತು, ಕೊಡಬೇಕಾದ ಬಾಕಿ ಅದರಲ್ಲಿರಬೇಕು. ಒಂದೊಂದರ ಎದುರಿಗೂ ಮನೆಯ ಒಬ್ಬರ ಹೆಸರು ಬರೆದಿರಬೇಕು. ಮದುಮಕ್ಕಳ ಹೆಸರು ಎಲ್ಲೂ ಇರಬಾರದು. ಬಾಕಿ ಹಣವನ್ನು ಹೆಸರು ಬರೆದ ಕವರುಗಳಲ್ಲಿ ಹಾಕಿ ಒಬ್ಬರ ವಶಕ್ಕೆ ಕೊಟ್ಟರೆ ಆ ದಿನ ಲೆಕ್ಕದ ಮಾತೇ ಏಳುವುದಿಲ್ಲ. ತಾಳಿ, ಕಾಲುಂಗುರ, ಧಾರೆಸೀರೆ, ಬಾಸಿಂಗಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು, ಅದನ್ನು ಮಂಟಪದವರೆಗೆ ಬಿಟ್ಟುಕೊಡದ ಒಬ್ಬರಿಗೆ ಒಪ್ಪಿಸಬೇಕು. ಮದುಮಕ್ಕಳ ಫೋನುಗಳು ಬೆಳಿಗ್ಗೆಯಿಂದಲೇ ಬೇರೆಯವರ ಕೈಯಲ್ಲಿರಲಿ.

ಕೆಲಸ ಹಂಚುವಾಗ ಹಿರಿಯರ ಮಾನವನ್ನೂ ನೋಡಬೇಕಾಗುತ್ತದೆ. ದೊಡ್ಡಪ್ಪನನ್ನು ಬಿಟ್ಟು ಗೆಳೆಯರಿಗೆ ಜವಾಬ್ದಾರಿ ಕೊಟ್ಟರೆ ಅಲ್ಲಿಂದಲೇ ಮುನಿಸು ಮೊಳೆಯುತ್ತದೆ. ಬೀಗರನ್ನು ಎದುರುಗೊಳ್ಳುವುದು, ಊಟಕ್ಕೆ ಎಬ್ಬಿಸುವುದು, ತಾಂಬೂಲ ಕೊಡುವುದು ಹಿರಿಯರಿಗೆ. ವಾಹನ, ರೂಮು, ಫೋನಿನ ಓಡಾಟ ಕಿರಿಯರಿಗೆ ಎಂದು ಹಂಚಿದರೆ ಎರಡೂ ಸರಿಹೋಗುತ್ತವೆ. ಯಾರಿಗೆ ಏನು ಎಂಬುದನ್ನು ಮನೆಯ ಯಜಮಾನರ ಬಾಯಿಂದಲೇ ಹೇಳಿಸುವುದು ಕ್ಷೇಮ.

ಕ್ಯಾಮೆರಾಕ್ಕೆ ಎಲ್ಲೆ

ಇಂದಿನ ಮಂಟಪದಲ್ಲಿ ಪುರೋಹಿತರಷ್ಟೇ ಮಾತು ನಡೆಯುವುದು ಫೋಟೊದವರದ್ದು. ತಾಳಿ ಕಟ್ಟುವ ಕೈಯನ್ನು ಅರ್ಧಕ್ಕೆ ನಿಲ್ಲಿಸಿ 'ಸಾರ್, ಇಲ್ಲಿ ನೋಡಿ' ಎನ್ನುವುದು ಸಾಮಾನ್ಯವಾಗಿದೆ. ಕ್ಯಾಮೆರಾಕ್ಕೆ ಮುಖ ಕೊಟ್ಟ ಕ್ಷಣ ಮನಸ್ಸು ತಾನು ಹೇಗೆ ಕಾಣುತ್ತಿದ್ದೇನೆ ಎಂಬ ಯೋಚನೆಗೆ ಜಾರುತ್ತದೆ. ಫೋಟೊ ತೆಗೆಯುವವರ ನೆನಪೂ ಕೆಲವೊಮ್ಮೆ ಪೆಟ್ಟು ತಿನ್ನುತ್ತದೆ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುಸಂಗ್ರಹಾಲಯದ ವಸ್ತುಗಳ ಫೋಟೊ ತೆಗೆದುಕೊಂಡವರಿಗೆ ಸುಮ್ಮನೆ ನೋಡಿದವರಿಗಿಂತ ಕಡಿಮೆ ವಿವರಗಳು ನೆನಪಿದ್ದವು. ಮಂಟಪದ ಮುಂದೆ ಮೊಬೈಲ್ ಎತ್ತಿ ನಿಂತ ನೆಂಟರೂ ಈ ಮಾತನ್ನು ಗಮನಿಸಬಹುದು.

ಫೋಟೊದವರೊಡನೆ ಮೂರು ಕರಾರುಗಳು ಸಾಕು. ಅಂತರಪಟ ಸರಿಯುವಾಗ, ಧಾರೆ ಎರೆಯುವಾಗ, ತಾಳಿ ಕಟ್ಟುವಾಗ ಯಾರನ್ನೂ ಕರೆಯಬಾರದು, ಏನನ್ನೂ ಎರಡನೇ ಸಲ ಮಾಡಿಸಬಾರದು, ಮಂಟಪದ ಮೇಲೆ ಇಬ್ಬರಿಗಿಂತ ಹೆಚ್ಚು ಮಂದಿ ಇರಬಾರದು. ಬೇಕಾದ ಭಂಗಿಯ ಫೋಟೊಗಳಿಗೆ ಶಾಸ್ತ್ರ ಮುಗಿದ ಮೇಲೆ ಅರ್ಧ ಗಂಟೆ ಕೊಟ್ಟರೆ ಅವರ ಕೆಲಸವೂ ಚೆನ್ನಾಗಿ ಆಗುತ್ತದೆ.

ಡ್ರೋನ್ ವಿಷಯದಲ್ಲಿ ಈ ಸೀಮೆಯವರು ಹೆಚ್ಚು ಎಚ್ಚರವಾಗಿರಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. 8ರಿಂದ 12 ಕಿ.ಮೀ. ನಡುವಿನ ಪ್ರದೇಶದಲ್ಲಿ 200 ಅಡಿಗಿಂತ ಮೇಲೆ ಹೋಗಬೇಕಾದರೂ ಅನುಮತಿ ಬೇಕು. ದೇವನಹಳ್ಳಿ ಸುತ್ತಲಿನ ಎಷ್ಟೋ ಛತ್ರಗಳು ಈ ವ್ಯಾಪ್ತಿಯೊಳಗೇ ಬರುತ್ತವೆ. ಯಾವ ಜಾಗ ಯಾವ ವಲಯಕ್ಕೆ ಸೇರುತ್ತದೆ ಎಂಬುದು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಸಿಗುತ್ತದೆ. ಅದನ್ನು ಫೋಟೊದವರಿಗೆ ಮುಂಗಡ ಕೊಡುವಾಗಲೇ ಇತ್ಯರ್ಥ ಮಾಡಿಕೊಂಡರೆ ಮುಹೂರ್ತದ ಹೊತ್ತಿಗೆ ಛತ್ರದ ಬಾಗಿಲಲ್ಲಿ ಪೊಲೀಸರೊಡನೆ ವಾದ ಮಾಡುವ ಪಾಡು ಬರುವುದಿಲ್ಲ.

ನಿದ್ದೆ, ನೀರು, ತಿಂಡಿ

ಮದುವೆಯ ಹಿಂದಿನ ರಾತ್ರಿಯ ನಿದ್ದೆ ಕೆಡುವುದು ಖಂಡಿತ ಎಂದಾದರೆ ಅದಕ್ಕಿಂತ ಮುಂಚಿನ ನಾಲ್ಕೈದು ರಾತ್ರಿಗಳನ್ನು ಕಾಪಾಡಿಕೊಳ್ಳಬೇಕು. ವಯಸ್ಕರಿಗೆ ದಿನಕ್ಕೆ ಏಳು ಗಂಟೆಯಾದರೂ ನಿದ್ದೆ ಬೇಕು. ಮೆಹೆಂದಿ, ಬಳೆಶಾಸ್ತ್ರ, ಕೊನೆಯ ಖರೀದಿಗಳನ್ನು ಹಗಲಿಗೇ ಮುಗಿಸುವುದು ಇದಕ್ಕಾಗಿ. ಕಾಫಿಯಲ್ಲಿರುವ ಕೆಫೀನ್‌ನ ಅರ್ಧದಷ್ಟು ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಆರತಕ್ಷತೆಗೆ ಉತ್ಸಾಹ ಬರಲೆಂದು ಸಂಜೆ ಏಳಕ್ಕೆ ಕುಡಿದ ಕಾಫಿಯ ಅರ್ಧ ಹನ್ನೆರಡು ಗಂಟೆಯಲ್ಲೂ ಮೈಯಲ್ಲೇ ಇರುತ್ತದೆ. ಮಧ್ಯಾಹ್ನ ಅಲಂಕಾರಕ್ಕೆ ಮುಂಚೆ ಇಪ್ಪತ್ತು ನಿಮಿಷ ಕಣ್ಣುಮುಚ್ಚಿ ಮಲಗಿದರೆ ಕಾಫಿಗಿಂತ ಹೆಚ್ಚು ಲಾಭವಿದೆ.

ಧಾರೆ ಆಗುವವರೆಗೆ ಉಪವಾಸವಿರುವ ಪದ್ಧತಿ ಹಲವು ಮನೆಗಳಲ್ಲಿದೆ. ಉಪವಾಸವೆಂದರೆ ನೀರನ್ನೂ ಮುಟ್ಟಬಾರದೆಂಬ ಕಟ್ಟಳೆ ಬಹಳಷ್ಟು ಕಡೆ ಇಲ್ಲ; ಹಾಲು, ಬಾಳೆಹಣ್ಣು, ಎಳನೀರನ್ನು ಹಿರಿಯರೇ ತಂದುಕೊಡುತ್ತಾರೆ. ಆದರೂ ಸೀರೆ ಉಟ್ಟ ಮೇಲೆ ಶೌಚಾಲಯಕ್ಕೆ ಹೋಗುವುದು ಕಷ್ಟವೆಂದು ನೀರು ಬಿಡುವ ಹೆಣ್ಣುಮಕ್ಕಳಿದ್ದಾರೆ. ಬೇಸಿಗೆಯ ಮದುವೆಯಲ್ಲಿ ಇದು ಅಪಾಯ. ನೀರು ಸಾಲದ ಮೈ, ಹಸಿದ ಹೊಟ್ಟೆ, ಹೋಮದ ಹೊಗೆ, ವಿಡಿಯೊ ಲೈಟಿನ ಬಿಸಿ, ಅಲುಗಾಡದೆ ನಿಂತ ಕಾಲು ಇಷ್ಟೂ ಸೇರಿದರೆ ರಕ್ತ ಕಾಲುಗಳಲ್ಲೇ ತಂಗಿ ಮಿದುಳಿಗೆ ಕಡಿಮೆಯಾಗಿ ತಲೆ ಸುತ್ತುತ್ತದೆ. ಆಕಳಿಕೆ, ತಣ್ಣನೆಯ ಬೆವರು, ಕಣ್ಣು ಮಂಜಾಗುವುದು ಅದರ ಮುನ್ಸೂಚನೆ. ಆಗ ನಾಚಿಕೆ ಬಿಟ್ಟು ಕೂಡಲೇ ಕೂರಬೇಕು. ಆಗದಿದ್ದರೆ ಮಲಗಿಸಿ ಕಾಲು ಎತ್ತರಿಸಬೇಕು. ವೇದಿಕೆಯ ಮೇಲೆ ನಿಂತಾಗ ಆಗಾಗ ಹಿಮ್ಮಡಿ ಎತ್ತಿ ಇಳಿಸುತ್ತಿದ್ದರೆ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಸೀರೆಯ ನೆರಿಗೆಯ ಮರೆಯಲ್ಲಿ ಅದು ಯಾರಿಗೂ ಕಾಣುವುದಿಲ್ಲ.

ಎದೆಬಡಿತ ಇಳಿಸಲು ಉಸಿರೇ ಹತ್ತಿರದ ದಾರಿ. ಉಸಿರು ಒಳಗೆ ಹೋದಾಗ ಎದೆಬಡಿತ ತುಸು ಏರುತ್ತದೆ, ಹೊರಗೆ ಬಿಟ್ಟಾಗ ಇಳಿಯುತ್ತದೆ. ಆದ್ದರಿಂದ ನಾಲ್ಕು ಎಣಿಸುತ್ತ ಎಳೆದು ಆರು ಎಣಿಸುತ್ತ ಬಿಟ್ಟರೆ ನಿಮಿಷಕ್ಕೆ ಆರು ಉಸಿರಾಗಿ, ಮೈ ನಿಧಾನಕ್ಕೆ ತಣಿಯುತ್ತದೆ. ಎರಡು ಮೂರು ನಿಮಿಷ ಸಾಕು. ಇದನ್ನು ಮದುವೆಗೆ ಎರಡು ವಾರ ಮುಂಚಿನಿಂದ ರೂಢಿ ಮಾಡಿಕೊಂಡಿದ್ದರೆ ಆ ದಿನ ಕೈಹಿಡಿಯುತ್ತದೆ. ಅರಿಶಿಣ ಹಚ್ಚುವಾಗ ಹೆಂಗಸರು ಸೋಬಾನೆ ಹೇಳುವುದು, ಮದುವೆ ಹೆಣ್ಣೂ ದನಿಗೂಡಿಸುವುದು ಇದೇ ಕೆಲಸವನ್ನು ತನ್ನ ರೀತಿಯಲ್ಲಿ ಮಾಡುತ್ತದೆ. ಹಾಡಿನ ಸಾಲು ಉದ್ದವಾದಷ್ಟೂ ಹೊರಬಿಡುವ ಉಸಿರು ಉದ್ದವಾಗುತ್ತದೆ.

ಹಸೆಮಣೆಯ ಮೇಲೆ

ಗಮನ ನಿಲ್ಲಲು ಏನಾದರೂ ಹಿಡಿಕೆ ಬೇಕು. ಮದುವೆಯ ಶಾಸ್ತ್ರಗಳಲ್ಲಿ ಅಂಥ ಹಿಡಿಕೆಗಳು ಮೊದಲಿನಿಂದಲೂ ಇವೆ. ಎದುರುಬದುರು ನಿಂತ ಇಬ್ಬರ ನಡುವೆ ಅಂತರಪಟ ಹಿಡಿದಾಗ ಸುತ್ತಲಿನ ಜನ, ದೀಪ, ಗದ್ದಲ ಯಾವುದೂ ಕಾಣದೆ ಮುಖದ ಮುಂದೆ ಒಂದು ಬಟ್ಟೆ ಮಾತ್ರ ಉಳಿಯುತ್ತದೆ. ಕೈಯಲ್ಲಿ ಜೀರಿಗೆ-ಬೆಲ್ಲ. ಬೆಲ್ಲ ಬೆವರಿಗೆ ಅಂಟುತ್ತದೆ, ಜೀರಿಗೆಯ ವಾಸನೆ ಮೂಗಿಗೆ ಬರುತ್ತದೆ. ಪಟ ಸರಿದ ಕೂಡಲೇ ಒಬ್ಬರ ತಲೆಯ ಮೇಲೊಬ್ಬರು ಅದನ್ನಿಡಬೇಕು. ಕೈಗೆ ಅಂಟಿದ ಆ ಬೆಲ್ಲವನ್ನು ಗಮನಿಸುತ್ತ ನಿಂತವರಿಗೆ ಮುಂದಿನ ಕ್ಷಣ ತಪ್ಪಿಹೋಗುವುದಿಲ್ಲ.

ಧಾರೆಯಲ್ಲೂ ಹಾಗೆಯೇ. ಗಂಡಿನ ಕೈಯಲ್ಲಿ ಹೆಣ್ಣಿನ ಕೈಯಿಟ್ಟು, ತೆಂಗಿನಕಾಯಿ ಹಿಡಿಸಿ, ಅಪ್ಪ-ಅಮ್ಮ ಹಾಲು-ನೀರಿನ ಧಾರೆ ಬಿಡುತ್ತಾರೆ. ಕಾಯಿಯ ಭಾರ, ಬೆರಳ ಸಂದಿಯಲ್ಲಿ ಇಳಿಯುವ ತಂಪು, ತಟ್ಟೆಗೆ ಬೀಳುವ ನೀರಿನ ಸದ್ದು ಒಟ್ಟಿಗೇ ಬರುತ್ತವೆ. ಆ ಹೊತ್ತಿನಲ್ಲಿ ಅಪ್ಪನ ಕೈ ನಡುಗುತ್ತಿರುವುದು ಮಗಳಿಗೆ ಕಾಣಬೇಕಾದರೆ ಅವಳ ಕಣ್ಣು ಕ್ಯಾಮೆರಾದ ಕಡೆ ಇರಬಾರದು. ತಾಳಿ ಕಟ್ಟುವಾಗ ಪುರೋಹಿತರು ಗಟ್ಟಿಮೇಳ ಕೂಗುತ್ತಾರೆ. ನಾದಸ್ವರ, ಡೋಲುಗಳ ಅಬ್ಬರದಲ್ಲಿ ಉಳಿದ ಮಾತೆಲ್ಲ ಮುಳುಗುತ್ತದೆ, ಅಕ್ಷತೆ ಮೈಮೇಲೆ ಬೀಳುತ್ತದೆ. ನೋಡುವುದಕ್ಕೆ, ಕೇಳುವುದಕ್ಕೆ, ಮುಟ್ಟುವುದಕ್ಕೆ ಏನಾದರೊಂದು ಪ್ರತಿ ಶಾಸ್ತ್ರದಲ್ಲೂ ಇದೆ. ಮನಸ್ಸು ಅಲೆದಾಗ ಅದನ್ನು ಬೈಯದೆ ಇವುಗಳಲ್ಲಿ ಒಂದಕ್ಕೆ ಮರಳಿ ತಂದರಾಯಿತು. 1979ರಲ್ಲಿ ಅಮೆರಿಕದಲ್ಲಿ ಜಾನ್ ಕಬಾಟ್-ಜಿನ್ ರೋಗಿಗಳಿಗಾಗಿ ರೂಪಿಸಿದ ಧ್ಯಾನದ ತರಬೇತಿಯೂ ಮುಖ್ಯವಾಗಿ ಕಲಿಸುವುದು ಇದನ್ನೇ.

ಮಂತ್ರದ ಅರ್ಥ ತಿಳಿದಿದ್ದರೆ ಗಮನ ಇನ್ನೂ ಗಟ್ಟಿಯಾಗುತ್ತದೆ. ಏಳು ಹೆಜ್ಜೆಗಳಲ್ಲಿ ಯಾವ ಹೆಜ್ಜೆ ಯಾವುದಕ್ಕೆ, ಅರುಂಧತಿಯನ್ನು ತೋರಿಸುವುದು ಏಕೆ ಎಂದು ಪುರೋಹಿತರಿಂದ ಮೊದಲೇ ಕೇಳಿ ತಿಳಿದವರು ಆ ದಿನ ಹೇಳಿಸಿದ್ದನ್ನು ಯಾಂತ್ರಿಕವಾಗಿ ಹೇಳುವುದಿಲ್ಲ. ಹೊತ್ತಿಗೆ ಮುಂಚೆ ಕೇಳಿಕೊಂಡರೆ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಸಾಲು ಕನ್ನಡದಲ್ಲಿ ವಿವರಿಸುವ ಪುರೋಹಿತರೂ ಇದ್ದಾರೆ.

ಏರುಪೇರಾದಾಗ

ಯಾವ ಮದುವೆಯೂ ಪಟ್ಟಿಯ ಪ್ರಕಾರ ನಡೆಯುವುದಿಲ್ಲ. ಬಸ್ಸು ತಡವಾಗುತ್ತದೆ, ಕರೆಂಟು ಹೋಗುತ್ತದೆ, ಸಾರು ಸಾಲದೆ ಬರುತ್ತದೆ, ಬೀಗರ ಕಡೆಯ ಒಬ್ಬರಿಗೆ ಉಪಚಾರ ಸಾಲಲಿಲ್ಲವೆಂದು ಮುಖ ಕೆಂಪಾಗುತ್ತದೆ. ಇಂಥದ್ದರಲ್ಲಿ ಮದುಮಕ್ಕಳು ತಿಳಿಯಲೇಬೇಕಾದ್ದು ಬಹಳ ಕಡಿಮೆ. ಆರೋಗ್ಯಕ್ಕೋ ಶಾಸ್ತ್ರಕ್ಕೋ ತೊಂದರೆಯಾದರೆ ಮಾತ್ರ ಅವರ ಕಿವಿಗೆ ಹಾಕುವುದು, ಉಳಿದದ್ದನ್ನು ಹಾಳೆಯಲ್ಲಿ ಹೆಸರಿರುವವರೇ ಬಗೆಹರಿಸುವುದು ಎಂಬ ಕಟ್ಟು ಮನೆಯಲ್ಲಿ ಇರಬೇಕು.

ಕೆಲವು ನೋವುಗಳನ್ನು ಮುಂಚೆಯೇ ಊಹಿಸಬಹುದು. ಅಪ್ಪನಿಲ್ಲದ ಮನೆಯಲ್ಲಿ ಧಾರೆ ಯಾರು ಎರೆಯಬೇಕು? ಒಂಟಿ ತಾಯಿಯನ್ನು ಶುಭಕಾರ್ಯದಿಂದ ದೂರ ಕೂರಿಸುವ ಹಳೆಯ ಕಟ್ಟುಪಾಡು ಮಂಟಪದ ಬಳಿ ತಲೆ ಎತ್ತಿದರೆ ಏನು ಮಾಡಬೇಕು? ಮುಹೂರ್ತದ ಗಡಿಬಿಡಿಯಲ್ಲಿ ಇವುಗಳಿಗೆ ಉತ್ತರ ಹುಡುಕಿದರೆ ಯಾರಿಗಾದರೂ ಗಾಯವಾಗುತ್ತದೆ. ಸಾಕಿ ಸಲಹಿದ ತಾಯಿಯೇ ಮುಂದೆ ನಿಲ್ಲುತ್ತಾಳೆ ಎಂದು ಎರಡೂ ಮನೆಯವರು ಪುರೋಹಿತರ ಎದುರಿಗೆ ಮೊದಲೇ ಒಪ್ಪಿಕೊಂಡರೆ ಆ ದಿನ ಯಾರೂ ಎದುರಾಡುವುದಿಲ್ಲ. ತೀರಿಹೋದವರ ನೆನಪಿಗೆ ಹಿಂದಿನ ದಿನ ಮನೆಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಳ್ಳುವುದೂ ಮನಸ್ಸನ್ನು ಹಗುರ ಮಾಡುತ್ತದೆ.

ಸಮಾಧಾನವಾಗಿರುವುದೆಂದರೆ ಅಳಬಾರದೆಂದು ಅರ್ಥವಲ್ಲ. ಹೆಣ್ಣು ಒಪ್ಪಿಸುವ ಶಾಸ್ತ್ರ ಇರುವುದೇ ಅದಕ್ಕಾಗಿ. ಅಲ್ಲಿ ಹೆಣ್ಣು, ಅವಳ ಅಪ್ಪ-ಅಮ್ಮ, ಕೆಲವೊಮ್ಮೆ ಬೀಗಿತಿಯೂ ಅಳುತ್ತಾರೆ; ಯಾರೂ ಯಾರನ್ನೂ ತಡೆಯುವುದಿಲ್ಲ. ಕಾಡಿಗೆ ಹರಡುತ್ತದೆಂದು ಅಳು ನುಂಗಬೇಕಾಗಿಲ್ಲ.

ತಳಮಳ ಬೇರೆ, ಒಲ್ಲೆನೆಂಬುದು ಬೇರೆ

ಎಲ್ಲ ಸಂಕಟವನ್ನೂ ಮದುವೆಯ ಗಾಬರಿಯೆಂದು ತಳ್ಳಿಹಾಕುವುದು ಸರಿಯಲ್ಲ. ಸಂಭ್ರಮದ ತಳಮಳ ಬಂದು ಹೋಗುತ್ತಿರುತ್ತದೆ, ನಡುನಡುವೆ ನಗುವೂ ಇರುತ್ತದೆ. ವಾರಗಟ್ಟಲೆ ಊಟ-ನಿದ್ದೆ ಸೇರದಿದ್ದರೆ, ತಡೆಯಲಾಗದ ಭಯ ಮತ್ತೆಮತ್ತೆ ಬಂದರೆ, ಈ ಮದುವೆಯೇ ಬೇಡ ಎಂಬ ಮಾತು ಬಾಯಿಗೆ ಬರುತ್ತಿದ್ದರೆ ಉಸಿರಾಟದ ಅಭ್ಯಾಸ ಅದಕ್ಕೆ ಮದ್ದಲ್ಲ. ಹೆಣ್ಣಿಗೆ 18, ಗಂಡಿಗೆ 21 ತುಂಬಿರಬೇಕೆಂಬುದು ಕಾನೂನು. ಇಬ್ಬರ ಒಪ್ಪಿಗೆಯೂ ಅಷ್ಟೇ ಮುಖ್ಯ. ಛತ್ರಕ್ಕೆ ಮುಂಗಡ ಕೊಟ್ಟಾಗಿದೆ, ಪತ್ರಿಕೆ ಹಂಚಿಯಾಗಿದೆ ಎಂಬುದು ಒಪ್ಪಿಗೆಯಾಗುವುದಿಲ್ಲ. ಮನೆಯಲ್ಲಿ ಹೇಳಿಕೊಳ್ಳಲು ಆಗದವರು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಬಲವಂತ, ಬೆದರಿಕೆ ಇದ್ದರೆ ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿಗಳಿವೆ.

ಧಾರೆಯಾದ ಮೇಲೆ

ಶಾಸ್ತ್ರ ಮುಗಿದ ಕೂಡಲೇ ಮದುಮಕ್ಕಳ ಸುತ್ತ ಮತ್ತೆ ಸಾಲು ಬೆಳೆಯುತ್ತದೆ. ಅದಕ್ಕೆ ಮುಂಚೆ ಹದಿನೈದು ನಿಮಿಷ ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಎಳನೀರು, ತಿಂಡಿ ಕೊಟ್ಟು ಬಾಗಿಲು ಮುಚ್ಚಿಬಿಟ್ಟರೆ ಮದುವೆಯಾದದ್ದು ಅವರಿಗೇ ಅರಿವಾಗಲು ಹೊತ್ತು ಸಿಗುತ್ತದೆ. ಭೂಮದೂಟಕ್ಕೆ ಕೂತಾಗಲೂ ಬಡಿಸುವವರು ಅವಸರ ಮಾಡದಂತೆ ನೋಡಿಕೊಳ್ಳಬೇಕು. ಬೆಳಿಗ್ಗೆಯಿಂದ ಹಸಿದವರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು ನೆಮ್ಮದಿಯಾಗಿ ತಿನ್ನಬಹುದಾದ ಮೊದಲ ಊಟ ಅದು. ಮಧ್ಯಾಹ್ನ ಛತ್ರ ಬಿಟ್ಟುಕೊಡುವ ಹೊತ್ತಿನ ಪಾತ್ರೆ ಎಣಿಕೆ, ಬಾಡಿಗೆ ಲೆಕ್ಕ, ಉಳಿದ ಅಡುಗೆ ಹಂಚುವ ಕೆಲಸಗಳೂ ಹಾಳೆಯಲ್ಲಿ ಯಾರ ಪಾಲಿಗಾದರೂ ಮೊದಲೇ ಬಂದಿರಬೇಕು.

ಮದುವೆಯ ನೋಂದಣಿಯನ್ನು ಅದೇ ದಿನಕ್ಕೆ ಸಿಕ್ಕಿಸಬೇಕಾದ ಅಗತ್ಯವಿಲ್ಲ. ಲಗ್ನಪತ್ರಿಕೆ, ಫೋಟೊ, ವಯಸ್ಸಿನ ದಾಖಲೆ, ಸಾಕ್ಷಿಗಳೊಂದಿಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಮೇಲೆ ಮಾಡಿಸಬಹುದು. ಕಾವೇರಿ ಜಾಲತಾಣದಲ್ಲೂ ಅರ್ಜಿ ಹಾಕಬಹುದು. ಮೂರು ನಾಲ್ಕು ದಿನಕ್ಕೆ ಬೀಗರೂಟ ಬರುತ್ತದೆ. ಅಷ್ಟರೊಳಗೆ ಗಂಡುಹೆಣ್ಣು ಒಂದು ಸಂಜೆ ಕೂತು, ಮಂಟಪದಲ್ಲಿ ಕಂಡದ್ದು ಕೇಳಿದ್ದನ್ನು ಒಬ್ಬರಿಗೊಬ್ಬರು ಹೇಳಿಕೊಂಡು ನಾಲ್ಕು ಸಾಲು ಬರೆದಿಟ್ಟರೆ ನೆನಪು ಗಟ್ಟಿಯಾಗುತ್ತದೆ. ಇಬ್ಬರ ಗಮನಕ್ಕೂ ಬಂದದ್ದು ಒಂದೇ ಆಗಿರುವುದಿಲ್ಲ; ಒಬ್ಬರು ಮರೆತದ್ದನ್ನು ಇನ್ನೊಬ್ಬರು ತುಂಬಿಕೊಡುತ್ತಾರೆ. ಆಲ್ಬಂ ಬರುವವರೆಗೆ ಕಾಯದೆ ಈ ಕೆಲಸ ಮಾಡಿಕೊಳ್ಳುವುದು ಮೇಲು.